ಒಂದೆಲಗವಲ್ಲ

ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ದ್ರಾಕ್ಷಾಯಣಿ ಸಸ್ಯಶಾಸ್ತ್ರ ವಿಭಾಗದ ಬಾಗಿಲಲ್ಲಿ ನಿಂತು ಗೋಡೆಯ ಮೇಲೆ ತನ್ನ ಹೆಸರನ್ನು ಓದಿದಳು. ಹಳಿಯಾಳದ ಈ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಪಾಠ ಮಾಡಿದ್ದರೂ ಅವಳ ಹೆಸರು ಗೋಡೆಯನ್ನು ಕಂಡದ್ದು ಇದೇ ಮೊದಲು. ಅತಿಥಿ ಉಪನ್ಯಾಸಕರ ಹೆಸರುಗಳನ್ನು ಇಲ್ಲಿ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದರು. ವರ್ಷ ಮುಗಿದ ಮೇಲೆ ಅಳಿಸುವುದಕ್ಕೂ ಮತ್ತೆ ಬರೆಯುವುದಕ್ಕೂ ಅನುಕೂಲ. ಈಗ ಮಾತ್ರ ಆರು ಅಡಿ ಉದ್ದದ ಹಸಿರು ಫ್ಲೆಕ್ಸು, ಅದರ ಬಣ್ಣದ ವಾಸನೆ ಇನ್ನೂ ಹೋಗಿಲ್ಲ, ಮೇಲೆ ‘ವಿಭಾಗದ ಸಾಧನೆಗಳು’ ಎಂದು ದಪ್ಪ ಅಕ್ಷರ, ಕೆಳಗೆ ಮೂರನೆಯ ಸಾಲು: ‘ಕ್ಯಾಸಲ್‌ರಾಕ್ ಪರಿಸರದಲ್ಲಿ ವಯೋಲಾ ಒಡೊರಾಟಾ ಸಸ್ಯದ ಪತ್ತೆ: ಶ್ರೀಮತಿ ದ್ರಾಕ್ಷಾಯಣಿ ಮುದಕವಿ. ಗುರುತಿಸಿದವರು: ಡಾ. ಅಜಯ ಹೆರೂರ.’ ಮೊದಲು ಓದಿದಾಗ ಅವಳಿಗೆ ಸಂತೋಷವಾಯಿತು. ಆ ಸಂತೋಷ ಎದೆಯೊಳಗೆ ಎದ್ದ ವೇಗಕ್ಕೆ ಅವಳಿಗೇ ನಾಚಿಕೆಯಾಗಿ ಎರಡನೆಯ ಸಲ ಓದಿದಳು. ಮೂರನೆಯ ಸಲ ಓದುವಾಗ ಆ ಸಾಲಿನಲ್ಲಿ ಸುಳ್ಳು ಎಷ್ಟಿದೆ ಎಂದು ಎಣಿಸಿದಳು. ಪತ್ತೆ ಮಾಡಿದ್ದು ತಾನಲ್ಲ. ಗುರುತಿಸಿದ್ದು ತಪ್ಪು. ಕ್ಯಾಸಲ್‌ರಾಕ್ ಒಂದೇ ನಿಜ, ಆದರೆ ಅಲ್ಲಿ ಈಗ ಆ ಗಿಡವಿಲ್ಲ.

ವಿಶ್ವವಿದ್ಯಾಲಯದ ಪರಿಶೀಲನಾ ತಂಡ ಹನ್ನೊಂದಕ್ಕೆ ಬರುವುದಿತ್ತು. ನಿನ್ನೆ ಸಂಜೆ ಪ್ರಾಚಾರ್ಯ ಅಂದಾನೆಪ್ಪನವರು ಅವಳನ್ನು ಕರೆದು ಕುರ್ಚಿ ತೋರಿಸಿದ್ದರು. ಅದೂ ಹೊಸದೇ, ಅವರ ಕೋಣೆಯಲ್ಲಿ ಅವಳು ಯಾವತ್ತೂ ನಿಂತೇ ಮಾತಾಡಿದವಳು. “ತಂಡದಾಗ ಹೆರೂರ ಸರ್ ಅದಾರ ನೋಡ್ರಿ. ಅವರು ನಮ್ಮ ಗಿಡಾ ಗುರ್ತು ಹಿಡದು ಕೊಟ್ಟಾರ, ಅದನ್ನ ನಾವು ಗೋಡೆಗೆ ಹಾಕೇವಿ. ಅವರಿಗೂ ಚಲೋ ಅನಸ್ತೈತಿ, ನಮಗೂ ಚಲೋ ಆಗ್ತೈತಿ. ನೀವು ಒಂದೀಟು ನಕ್ಕೊಂತ ನಿಂತ್ರ ಸಾಕು. ಈ ಸಲ ನಿಮ್ಮನ್ನ ಕಾಯಂ ಮಾಡ್ರಿ ಅಂತ ಮಂಡಳಿಗೆ ನಾನ ಹೇಳ್ತೇನಿ.” ಅವಳು ಹ್ಞೂಂ ಎಂದು ಬಂದಿದ್ದಳು. ಬೆಳಿಗ್ಗೆ ಹೆರಳು ಹಾಕಿಕೊಳ್ಳುವಾಗ ಕನ್ನಡಿಯ ಮುಂದೆ ಆ ನಗುವನ್ನು ಒಮ್ಮೆ ಮಾಡಿಯೂ ನೋಡಿದ್ದಳು. ಕಾಯಂ ಎಂಬ ಶಬ್ದ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಹಾಗೆ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ನಲವತ್ತಾರನೆಯ ವರ್ಷಕ್ಕೆ ಕಾಯಂ. ಗಂಡ ಅಂಗಡಿಗೆ ಹೊರಡುವಾಗ, “ಇವತ್ತರ ಬಾಯಿ ಮುಚ್ಚಿಕೊಂಡು ಇರು,” ಎಂದು ಪ್ರೀತಿಯಿಂದಲೇ ಹೇಳಿದ್ದ.

ಬಾಯಿ. ಎಲ್ಲ ಅದರಿಂದಲೇ ಆದದ್ದಲ್ಲವೇ? ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಕೊನೆಯ ವರ್ಷದ ಹುಡುಗಿಯರನ್ನು ಕರೆದುಕೊಂಡು ಕ್ಯಾಸಲ್‌ರಾಕಿಗೆ ಹೋದಾಗ ಮಳೆ ಆಗಷ್ಟೇ ಹಿಂದಾಗಿತ್ತು. ಹಳಿಯ ಪಕ್ಕದ ಹಳೆಯ ಕಲ್ಲುಗೋಡೆ ಮೇಲಿಂದ ಕೆಳಗಿನವರೆಗೆ ನೀರು ಜಿನುಗುತ್ತ, ಪಾಚಿ ಹಿಡಿದು, ಮೈಯೆಲ್ಲ ಹಸಿರಾಗಿ ನಿಂತಿತ್ತು. ಅಡುಗೆಗೆಂದು ರುಬಿನಾ ಜೊತೆಗೆ ಬಂದಿದ್ದಳು. ರುಬಿನಾ ಲ್ಯಾಬಿನ ಕಸ ಗುಡಿಸಿ ಗಾಜಿನ ಸಾಮಾನು ತೊಳೆಯುವ ಹೆಂಗಸು, ಭಾಗವತಿ ಕಡೆಯ, ಆಫ್ರಿಕ ಮೂಲದ ಸಿದ್ದಿಗಳ ಕೇರಿಯವಳು, ದ್ರಾಕ್ಷಾಯಣಿಗಿಂತ ಎರಡು ಮೂರು ವರ್ಷ ಹಿರಿಯಳೇ ಇರಬೇಕು; ಆದರೂ ಮೊದಲ ದಿನದಿಂದ ಅವಳಿಗೆ ಇವಳು ಮೇಡಮ್, ಇವಳಿಗೆ ಅವಳು ‘ಏ ರುಬಿನಾ’. ಗೋಡೆಯ ಸಂದಿಯಲ್ಲಿ ಹೃದಯದಾಕಾರದ ಎಲೆಗಳು ಗೊಂಚಲು ಗೊಂಚಲಾಗಿದ್ದವು. ಒಬ್ಬ ಹುಡುಗಿ ಒಂದು ಹಿಡಿ ಕಿತ್ತು ತಂದು ಮೇಡಮ್ ಇದು ಒಂದೆಲಗ ಅಲ್ಲೇನ್ರಿ ಎಂದು ಕೇಳಿದಾಗ ದ್ರಾಕ್ಷಾಯಣಿ ಕಾಲಿಗೆ ಹತ್ತಿದ ಇಂಬಳಕ್ಕೆ ಸುಣ್ಣ ಹಚ್ಚುತ್ತಿದ್ದಳು. ತಲೆ ಎತ್ತದೆ, “ಹೌದು ಒಂದೆಲಗ. ತರ್ರಿ, ಚಟ್ನಿ ಅರೆಯೂಣು,” ಅಂದಳು. ಉಪ್ಪಿಟ್ಟು ಕಲಕುತ್ತಿದ್ದ ರುಬಿನಾ ಒಂದು ಎಲೆ ತೆಗೆದುಕೊಂಡು ಹಿಸುಕಿ ಮೂಸಿದಳು. “ಮೇಡಮ್, ಇದು ಒಂದೆಲಗ ಅಲ್ರಿ. ಒಂದೆಲಗ ನೆಲಾ ಹಿಡಕೊಂಡು ಓಡತೈತಿ. ಇದು ನಿಂತಲ್ಲೇ ನಿಂತೈತಿ.” ಹುಡುಗಿಯರು ಇವಳ ಮುಖ ನೋಡಿದರು. “ರುಬಿನಾ, ಎಂ.ಎಸ್ಸಿ. ಮಾಡಿದಾಕಿ ನಾನು. ನೀ ಉಪ್ಪಿಟ್ಟು ನೋಡು, ತಳಾ ಹತ್ತೀತು.” ಹುಡುಗಿಯರು ನಕ್ಕರು. ಆ ನಗು ಅವಳಿಗೆ ಹಿತವಾಗಿತ್ತು. ಅದೇ ಈಗಲೂ ಚುಚ್ಚುವುದು. ಮೆಣಸಿನಕಾಯಿ, ಉಪ್ಪು, ಕೊಬ್ಬರಿ ಹಾಕಿ ಕಲ್ಲಿನ ಮೇಲೆ ಅರೆದು ಹದಿನಾಲ್ಕು ಜನ ತಿಂದರು. ರುಬಿನಾ ತಿನ್ನಲಿಲ್ಲ. ಪಾತ್ರೆ ತಿಕ್ಕುವ ಹೊತ್ತಿಗೆ ಅವಳು ಗೋಡೆಯ ಬುಡದಿಂದ ಒಂದು ಗಿಡವನ್ನು ಪಾಚಿಯ ಸಮೇತ ಬಿಡಿಸಿ ತೆಂಗಿನ ಚಿಪ್ಪಿನಲ್ಲಿ ಇಟ್ಟುಕೊಂಡದ್ದನ್ನು ದ್ರಾಕ್ಷಾಯಣಿ ನೋಡಿದ್ದಳು. ನೋಡಿಯೂ ನೋಡದ ಹಾಗೆ ಇದ್ದಳು.

ಡಿಸೆಂಬರಿನಲ್ಲಿ ಅದೇ ಚಿಪ್ಪು ಲ್ಯಾಬಿನ ಮೇಜಿನ ಮೇಲೆ ಬಂತು. ಎಲೆಗಳ ನಡುವೆ ದಾರದಷ್ಟು ತೆಳ್ಳಗಿನ ದಂಟು, ತುದಿಯಲ್ಲಿ ಕುತ್ತಿಗೆ ಬಗ್ಗಿಸಿದ ಒಂದು ಹೂವು. ಹೆಬ್ಬೆರಳ ಉಗುರಿನಷ್ಟೇ ದೊಡ್ಡದು. ತಿಳಿ ನೇರಳೆ, ಕೆಳಗಿನ ಎಸಳಿನ ಮೇಲೆ ಶಾಯಿಯ ಗೆರೆಗಳು, ಹಿಂಭಾಗದಲ್ಲಿ ಪುಟ್ಟ ಚೀಲ. ವಯೋಲಾ. ಓದುವಾಗ ಚಿತ್ರದಲ್ಲಿ ನೋಡಿದ್ದು, ಪರೀಕ್ಷೆಯಲ್ಲಿ ಬಿಡಿಸಿದ್ದು, ಜೀವಂತವಾಗಿ ಈ ತಾಲೂಕುಗಳಲ್ಲಿ ಎಂದೂ ಕಾಣದ್ದು. ಅವಳು ಚಿಪ್ಪನ್ನು ಬೆಳಕಿಗೆ ಹಿಡಿದಳು. “ಎಲ್ಲೆ ಸಿಕ್ತು ಇದು?” ಎಂದಳು. ರುಬಿನಾ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. “ಅವತ್ತ ತಿಂದ್ರೆಲ್ಲಾ, ಅದ ರೀ.” ಆ ಕ್ಷಣ ಹೇಳಬೇಕಾದ ಮಾತು ಒಂದೇ ಒಂದಿತ್ತು. ಅದನ್ನು ಬಿಟ್ಟು ದ್ರಾಕ್ಷಾಯಣಿ ಅರ್ಧ ಗಂಟೆ ವಯೋಲಾ ಕುಲದ ಬಗ್ಗೆ ಪಾಠ ಮಾಡಿದಳು. ರುಬಿನಾ ಬಟ್ಟೆ ಹಿಂಡುತ್ತಲೇ ಕೇಳಿ, ಕೊನೆಗೆ, “ನಮ್ಮ ನಾನಿ ಕೆಮ್ಮಿಗೆ ಹಕೀಮರ ಕಡಿಂದ ಬನಫ್ಶಾದ ಒಣ ಹೂವು ತರ್ತಿದ್ಳು, ಅದರ ಕುಲದಾಕೀನ ಇರಬೇಕು ಹಂಗಾರ,” ಎಂದು ಎದ್ದು ಹೋದಳು. ಇವಳು ಅರ್ಧ ಗಂಟೆಯಲ್ಲಿ ಹೇಳಿದ್ದು ಅಷ್ಟೇ ಆಗಿತ್ತು.

ಫ್ಲೆಕ್ಸಿನಿಂದ ಕಣ್ಣು ಕಿತ್ತು ಕಾರಿಡಾರಿನ ಕಡೆ ತಿರುಗಿದಾಗ ಕಿಟಕಿಯ ಕೆಳಗಿನ ಕಟ್ಟೆ ಖಾಲಿಯಾಗಿತ್ತು. ನಿನ್ನೆ ಅಲ್ಲಿ ಮೂವತ್ತೊಂದು ವಯೋಲಾ ಗಿಡಗಳಿದ್ದವು, ಎಣ್ಣೆಯ ಡಬ್ಬಿ, ಒಡೆದ ಮಡಕೆಯ ತಳ, ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ. ಈಗ ಫಿನಾಯಿಲ್ ವಾಸನೆ ಮತ್ತು ಅಂಗಡಿಯಿಂದ ಬಾಡಿಗೆಗೆ ತಂದ ನಾಲ್ಕು ಕ್ರೋಟನ್ ಕುಂಡಗಳು. ಅವಳು ಕೆಳಗಿಳಿದು ಕಟ್ಟಡದ ಹಿಂದೆ ಓಡಿದಳು. ಪಾಯಖಾನೆಯ ಗೋಡೆಯ ಆಚೆ, ಬಿಸಿಲಿನಲ್ಲಿ, ಡಬ್ಬಿಗಳೆಲ್ಲ ಒಂದರ ಮೇಲೊಂದು ಒರಗಿಕೊಂಡಿದ್ದವು. ರುಬಿನಾ ಕುಕ್ಕರುಗಾಲಲ್ಲಿ ಕುಳಿತು ಒಂದೊಂದನ್ನೇ ನೆಟ್ಟಗೆ ನಿಲ್ಲಿಸುತ್ತಿದ್ದಳು. “ಪ್ರಿನ್ಸಿಪಾಲರು ಹೇಳಿದ್ರು ಅಂತ ಪ್ಯೂನ್ ತಂದು ಒಗದಾನ್ರಿ. ಮೂರು ಮುರದಾವು,” ಎಂದಳು, ತಲೆ ಎತ್ತದೆ.

ಮೂರು. ದ್ರಾಕ್ಷಾಯಣಿ ನೆಲದ ಮೇಲೆ ಸೀರೆಯ ಪರಿವೆಯಿಲ್ಲದೆ ಕುಳಿತಳು. ಈ ಗಿಡಗಳಿಗೆ ತನಗಿಂತ ದೊಡ್ಡ ಶತ್ರು ಬೇರೆ ಯಾರೂ ಇರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಚಿಪ್ಪಿನ ಆ ಒಂದು ಬುಡವನ್ನು ಬಿಡಿಸಿ ರುಬಿನಾ ನಾಲ್ಕಾರು ಗಿಡ ಮಾಡಿದ್ದಳು. ಮೊದಲ ವರ್ಷ ಬೇಸಿಗೆಯಲ್ಲಿ ಹೂ ನಿಂತ ಮೇಲೆ ಎಲೆಗಳಡಿಯಲ್ಲಿ ಅರಳದ ಪುಟ್ಟ ಮೊಗ್ಗುಗಳು ಬಂದಾಗ ರೋಗವೆಂದು ತಿಳಿದು ಉಗುರಿನಿಂದ ಎಲ್ಲವನ್ನೂ ಚಿವುಟಿ ಎಸೆದವಳು ತಾನು. ಆಮೇಲೆ ಪುಸ್ತಕ ತೆಗೆದು ನೋಡಿದರೆ ವಯೋಲಾ ಅರಳದೆಯೇ ಕಾಯಾಗುವ ಮೊಗ್ಗುಗಳನ್ನು ಬಿಡುತ್ತದೆ ಎಂದಿತ್ತು. ಬೀಜವೆಲ್ಲ ಅವುಗಳಲ್ಲಿಯೇ ಎಂದಿತ್ತು. ಆ ಪುಟಕ್ಕೆ ಅವಳೇ ಇಪ್ಪತ್ತು ವರ್ಷದ ಹಿಂದೆ ಕೆಂಪು ಗೆರೆ ಎಳೆದಿದ್ದಳು. ಮೆಟ್ಟಿಲ ಕೆಳಗೆ ರುಬಿನಾ ಅಡಗಿಸಿಟ್ಟ ಒಂದು ಗಿಡ ಮಾತ್ರ ಇವಳ ಉಗುರಿನಿಂದ ಉಳಿದು ಬೀಜ ಕೊಟ್ಟಿತು. ಆ ಬೀಜಗಳಲ್ಲಿ ನಲವತ್ತನ್ನು ಇವಳು ಜರಡಿ ಹಿಡಿದ ಕೆಂಪು ಮಣ್ಣು, ಮರಳು, ಗೊಬ್ಬರದ ಲೆಕ್ಕಾಚಾರದಲ್ಲಿ ಬಿತ್ತಿದಳು. ಒಂದೂ ಏಳದೆ ಕೊಳೆತವು. ರುಬಿನಾ ತನ್ನ ಪಾಲಿನ ಹತ್ತನ್ನು ಹಳೆ ಹಂಚಿನ ಚೂರು, ಪಾಚಿ, ಕೊಳೆತ ತರಗಿನ ನಡುವೆ ಹಾಕಿ, ಇರುವೆ ಹೊತ್ತೊಯ್ಯದಂತೆ ಸುತ್ತ ನೀರಿಟ್ಟು, ಏಳನ್ನು ಎಬ್ಬಿಸಿದಳು. ಮೂವತ್ತೊಂದಾದದ್ದು ಆ ಏಳರಿಂದ. “ಗ್ವಾಡಿ ಮ್ಯಾಲೆ ಇದ್ದಾಕಿಗೆ ಗೊಬ್ಬರ ಯಾಕ ಬೇಕ್ರಿ ಮೇಡಮ್?” ಎಂದಿದ್ದಳು, ಅಷ್ಟೇ. ನಕ್ಕಿರಲಿಲ್ಲ. ನಕ್ಕಿದ್ದರೆ ಎಷ್ಟು ಹಗುರಾಗುತ್ತಿತ್ತು!

“ಏಳ್ರಿ ಮೇಡಮ್, ಸೀರಿ ಹೊಲಸಾತು. ಇವನ್ನ ಇಲ್ಲೇ ನೆಳ್ಳಿಗೆ ಇಡತೇನಿ.”

“ಇಲ್ಲೆ ಬ್ಯಾಡ,” ದ್ರಾಕ್ಷಾಯಣಿ ಎದ್ದಳು. “ಮ್ಯಾಲೆ ಒಯ್ಯೂಣು. ಎಲ್ಲಾನೂ.”

“ಪ್ರಿನ್ಸಿಪಾಲರು?”

“ಅವರಿಗೆ ನಾ ಹೇಳ್ತೇನಿ.”

ಏನು ಹೇಳುತ್ತೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಡಬ್ಬಿಗಳನ್ನು ಲ್ಯಾಬಿನ ಬಾಗಿಲ ಒಳಗೆ ಇಡುತ್ತ ಇಬ್ಬರೂ ಆರು ಸಲ ಮೆಟ್ಟಿಲು ಹತ್ತಿ ಇಳಿದರು. ಮೂರನೆಯ ಸಲ ಅಂದಾನೆಪ್ಪನವರು ಎದುರಾದರು. ಹೊಸ ಕೋಟು, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. “ಏನ್ರಿ ಇದು! ಆ ಡಬ್ಬಿ ತಗಸ್ರಿ ಅಂತ ನಾನ ಹೇಳೇನಿ. ಫ್ಲೆಕ್ಸಿನ್ಯಾಗ ಗಿಡದ ಫೋಟೋ ಐತೆಲ್ಲ, ಅದು ಸಾಲದೇನು?” ಫೋಟೋದ ಗಿಡ ಬೇರೆ ಎಂದು ಅವಳು ಆಗಲೇ ನೋಡಿದ್ದಳು, ಇಂಟರ್ನೆಟ್ಟಿನಿಂದ ತೆಗೆದ, ಯಾವುದೋ ಚಳಿ ದೇಶದ ದಪ್ಪ ನೇರಳೆ ಹೂವು. “ಸರ್, ಹೆರೂರ ಸರ್‌ಗೆ ಜೀವಂತ ಗಿಡಾ ತೋರಸ್ಬೇಕ್ರಿ,” ಎಂದಳು. ಅದು ಸುಳ್ಳಲ್ಲವಾದ್ದರಿಂದ ಸಲೀಸಾಗಿ ಬಂತು. ಅಂದಾನೆಪ್ಪನವರ ಮುಖ ಸಡಿಲವಾಯಿತು. “ಹಂಗೇನು? ಹಂಗಾರ ಒಳ್ಳೆ ನಾಕು ಇಡ್ರಿ. ಎಣ್ಣಿ ಡಬ್ಬಿ ಬ್ಯಾಡ.”

ವಿಶ್ವವಿದ್ಯಾಲಯದ ಸಸ್ಯತಜ್ಞರಾದ ಹೆರೂರರನ್ನು ಅವಳು ಅದುವರೆಗೆ ಕಂಡಿರಲಿಲ್ಲ, ಪತ್ರದಲ್ಲಿ ಬಲ್ಲಳು. ಕಳೆದ ವರ್ಷ ಒಣಗಿಸಿದ ಒಂದು ಗಿಡವನ್ನು ಹಾಳೆಗೆ ಅಂಟಿಸಿ, ಇದು ನಮ್ಮ ಪಟ್ಟಿಗಳಲ್ಲಿರುವ ಯಾವ ವಯೋಲಾಕ್ಕೂ ಪೂರ್ತಿ ಹೊಂದುತ್ತಿಲ್ಲ, ದಯವಿಟ್ಟು ನೋಡಬೇಕು ಎಂದು ಬರೆದು, ನಂಬಿಕೆಯಿಂದ ಜಾಗದ ನಕ್ಷೆಯನ್ನೂ ಕಳಿಸಿದ್ದಳು. ಎರಡು ತಿಂಗಳ ಮೇಲೆ ನಾಲ್ಕು ಸಾಲಿನ ಉತ್ತರ ಬಂತು: ಇದು ಒಡೊರಾಟಾ, ಅಂದರೆ ಪರಿಮಳದ ವಯೋಲಾ, ರೈಲು ಹಾಕಿದ ಕಾಲದ ಸಾಹೇಬರ ಬಂಗಲೆಗಳ ಕುಂಡಗಳಿಂದ ಗೋಡೆಗೆ ಹತ್ತಿದ್ದು, ಕಾಡಿನದಲ್ಲ, ಹೆಚ್ಚಿನ ಆಸಕ್ತಿ ಅನಗತ್ಯ. ಅದನ್ನು ಓದಿ ಅವಳು ಮತ್ತೆ ಕ್ಯಾಸಲ್‌ರಾಕಿಗೆ ಹೋದಳು, ಈ ಸಲ ರುಬಿನಾಳನ್ನು ಮಾತ್ರ ಕರೆದುಕೊಂಡು. ಗೋಡೆ ಬೋಳಾಗಿತ್ತು. ಸಂದಿ ಸಂದಿಯಲ್ಲಿ ಸಲಾಕೆಯಿಂದ ಕೆದರಿದ ಗುರುತು, ಕಿತ್ತ ಬೇರಿನ ಬಿಳಿ ತುದಿಗಳು. ಯಾರೋ ಕಾಲೇಜಿನವರು ಜೀಪಿನಲ್ಲಿ ಬಂದಿದ್ದರು, ಹಾಳೆಯಲ್ಲಿ ಒತ್ತಿ ಒಯ್ದರು, ಕೈಯಿಂದ ಬಿಡಿಸಿದ ನಕ್ಷೆಯೊಂದು ಅವರ ಹತ್ತಿರ ಇತ್ತು ಎಂದು ಗ್ಯಾಂಗ್‌ಮನ್ ಹೇಳಿದ. ಹೆಚ್ಚಿನ ಆಸಕ್ತಿ ಅನಗತ್ಯ ಎಂದವರು. ರುಬಿನಾ ಗೋಡೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದಳು. ತಾನು ಮೊದಲು ತಿಂದೆ, ಆಮೇಲೆ ದಾರಿ ತೋರಿಸಿದೆ, ಎಂದು ದ್ರಾಕ್ಷಾಯಣಿ ಮನಸ್ಸಿನಲ್ಲಿ ಎರಡೂ ವಾಕ್ಯಗಳನ್ನು ಜೋಡಿಸಿ ನೋಡಿದಳು. ಬಾಯಿಯಿಂದ ಹೊರಬಂದದ್ದು ಮಾತ್ರ, “ಗಾಡಿ ಎಷ್ಟಕ್ಕ ಐತಿ ನೋಡು ರುಬಿನಾ,” ಎಂದು.

ಹನ್ನೊಂದೂವರೆಗೆ ತಂಡ ಮೇಲೆ ಬಂತು. ಮೂವರು. ಹೆರೂರರು ಅರವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಬೆಳ್ಳಗಿನ ಗಡ್ಡ, ಸೌಮ್ಯ ದನಿ. ಕ್ರೂರಿಯೊಬ್ಬನನ್ನು ನಿರೀಕ್ಷಿಸಿದ್ದ ಅವಳಿಗೆ ಇದು ಕಷ್ಟವಾಯಿತು. ಅವರು ಫ್ಲೆಕ್ಸಿನ ಮುಂದೆ ನಿಂತು ಓದಿ, “ಅರೆ, ನನ್ನ ಹೆಸರೂ ಹಾಕೀರಿ! ದ್ರಾಕ್ಷಾಯಣಿಯವರು ಅಂದ್ರ ನೀವ ಏನ್ರಿ? ಹಳ್ಳಿ ಕಾಲೇಜಿನ್ಯಾಗ ಇದ್ದು ಇಷ್ಟು ಶ್ರದ್ಧಾ ಅಂದ್ರ ದೊಡ್ಡದು,” ಅಂದರು. ಅಂದಾನೆಪ್ಪನವರು ಅವಳತ್ತ ನೋಡಿದರು. ಈಗ ನಗಬೇಕಾದ ಜಾಗ. ಬೆಳಿಗ್ಗೆ ಕನ್ನಡಿಯಲ್ಲಿ ಮಾಡಿದ ನಗು ತುಟಿಯವರೆಗೆ ಬಂದಿತ್ತು ಕೂಡ. ಬಾಗಿಲ ಮೂಲೆಯಲ್ಲಿ ರುಬಿನಾ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಕರೆದರೆ ಇದ್ದೇನೆ, ಕರೆಯದಿದ್ದರೆ ಇಲ್ಲ ಎಂಬ ಹಾಗೆ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಫ್ಲೆಕ್ಸನ್ನಲ್ಲ, ಇವಳನ್ನೂ ಅಲ್ಲ. ಮುರಿದ ಮೂರು ಗಿಡಗಳನ್ನು ಇಟ್ಟ ಥರ್ಮಾಕೋಲ್ ಪೆಟ್ಟಿಗೆಯನ್ನು.

“ಸರ್, ಅದು ಪರಿಮಳದ ವಯೋಲಾ ಅಲ್ರಿ,” ಎಂದಳು ದ್ರಾಕ್ಷಾಯಣಿ.

ತನ್ನ ದನಿ ಅಷ್ಟು ದೊಡ್ಡದಾಗಿ ಬಂದದ್ದಕ್ಕೆ ಅವಳಿಗೇ ಬೆರಗಾಯಿತು. ಅಂದಾನೆಪ್ಪನವರು ಕೆಮ್ಮಿದರು. ಹೆರೂರರು ಮುಗುಳ್ನಕ್ಕರು. “ನಾನು ಹಾಳಿ ನೋಡೇನಲ್ರಿ?”

“ಹಾಳ್ಯಾಗ ಓಡೂದೂ ಕಾಣೂದಿಲ್ಲ, ನಿಲ್ಲೂದೂ ಕಾಣೂದಿಲ್ಲ ಸರ್. ಪರಿಮಳದ್ದು ನೆಲದ ಮ್ಯಾಲೆ ಹಂಬು ಬಿಟಗೊಂಡು ಹೋಗತೈತಿ. ಎರಡು ವರ್ಷ ಬೆಳಸೇವಿ, ಒಂದಕ್ಕೂ ಹಂಬು ಬಂದಿಲ್ಲ. ಅದರ ಕಾಯಿ ದುಂಡಗ, ಕೂದಲಾ ಇರತಾವು, ಮಣ್ಣಿನ ಮ್ಯಾಲೆ ಮಲಗತೈತಿ. ಇದರದ್ದು ಬೋಳು. ದಂಟು ನೆಟ್ಟಗ ಮಾಡಿ ಸಿಡೀತೈತಿ. ವಾಸನಿ ಅಂತೂ ಇಲ್ಲೇ ಇಲ್ಲ. ನೋಡ್ರಿ.” ಅವಳು ಎಣ್ಣೆಯ ಡಬ್ಬಿಯೊಂದನ್ನೇ ಎತ್ತಿ ಅವರ ಮುಂದೆ ಹಿಡಿದಳು. ಅವರು ಬಗ್ಗಿ ಮೂಸಿದರು. ಹುಬ್ಬು ತುಸು ಕೂಡಿತು.

“ಹಂಗಾರ ಇದು ಯಾವ ಜಾತಿ ಅಂತೀರಿ?”

“ಗೊತ್ತಿಲ್ರಿ.”

“ಗೊತ್ತಿಲ್ಲ?”

“ಗೊತ್ತಿಲ್ಲ ಅಂತ ಬರೀಬೇಕ್ರಿ ಅಲ್ಲಿ.”

“ಸಾಧನೆ ಅಂತ ಮ್ಯಾಲೆ ಬರದು ಕೆಳಗ ಗೊತ್ತಿಲ್ಲ ಅಂತ ಬರಸೂದೇನ್ರಿ ಮೇಡಮ್?” ಅಂದಾನೆಪ್ಪನವರ ಮಾತಿಗೆ ತಂಡದ ಇನ್ನಿಬ್ಬರು ನಕ್ಕರು. ಆ ನಗೆ ಅವಳಿಗೆ ಪರಿಚಯದ್ದು. ಒಮ್ಮೆ ತಾನೇ ಹಂಚಿದ್ದು. ಈಗ ತನ್ನ ಪಾಲಿಗೆ ಬಂದಾಗ ಅದರ ರುಚಿ ಹೀಗಿರುತ್ತದೆ ಎಂದು ತಿಳಿಯಿತು, ತಿಳಿದೊಡನೆ ಹೆದರಿಕೆ ಎಲ್ಲಿಗೋ ಹೋಯಿತು. “ಇನ್ನೊಂದು ತಪ್ಪು ಐತ್ರಿ ಆ ಸಾಲಿನ್ಯಾಗ. ಪತ್ತೆ ಮಾಡಿದಾಕಿ ನಾನಲ್ಲ. ನಾನು ಇದನ್ನ ಒಂದೆಲಗ ಅಂದೆ, ಚಟ್ನಿ ಮಾಡಿಸಿ ತಿಂದೇನ್ರಿ ಸರ್, ಮಕ್ಕಳಿಗೂ ತಿನಿಸೇನಿ. ಅಲ್ಲ ಅಂತ ಹೇಳಿದವರು ರುಬಿನಾ ಅವರು. ಅವರ ಮಾತಿಗೆ ನಾನು ಮಕ್ಕಳನ್ನ ನಗಿಸಿದೆ. ಬೆಳಸಿದವರೂ ಅವರ.” ‘ರುಬಿನಾ ಅವರು’ ಎಂಬುದು ಬಾಯಿಯಲ್ಲಿ ಹೊಸ ಹಲ್ಲಿನ ಹಾಗೆ ಒರಟಾಗಿ ಕೂತಿತು. ಎಲ್ಲರೂ ಬಾಗಿಲ ಕಡೆ ತಿರುಗಿದರು. ರುಬಿನಾ ಬಟ್ಟೆಯನ್ನು ಕೈಯಿಂದ ಕೈಗೆ ಬದಲಾಯಿಸಿದಳು. ಅವಳ ಮುಖದಲ್ಲಿ ಕೃತಜ್ಞತೆ ಇರಲಿಲ್ಲ, ಸಿಟ್ಟಿತ್ತು. ಕೇಳದೆ ನನ್ನನ್ನು ಯಾಕೆ ನಡುಮನೆಗೆ ಎಳೆದೆ ಎಂಬ ಸಿಟ್ಟು.

ಹೆರೂರರು ಆಸಕ್ತಿಯಿಂದ ಅವಳನ್ನು ದಿಟ್ಟಿಸಿದರು. “ನೀವು ಯಾವ ಊರವರ್ವಾ?”

“ಹಳಿಯಾಳ ರೀ.”

“ಅದಲ್ಲ, ಮೂಲ ಎಲ್ಲಿಯವರು?”

“ಮೂಲಾನೂ ಹಳಿಯಾಳ ರೀ,” ಎಂದಳು ರುಬಿನಾ.

ಹೆರೂರರಿಗೆ ತುಸು ಮುಜುಗರವಾಯಿತು. ಮಾತು ಬದಲಿಸುತ್ತ, “ಬಂಗಲೆ ಇದ್ದ ಜಾಗಾ ಬಿಟ್ಟು ಬ್ಯಾರೆ ಕಡೆ, ದಟ್ಟ ಕಾಡಿನ್ಯಾಗ ಸಿಕ್ರ ನಾನೂ ಒಪ್ತೇನ್ರಿ ಮೇಡಮ್. ಹಂಗ ಎಲ್ಲೂ ಇಲ್ಲಲ್ಲ?” ಅಂದರು.

“ಐತ್ರಿ,” ಎಂದಳು ರುಬಿನಾ.

ದ್ರಾಕ್ಷಾಯಣಿ ಡಬ್ಬಿ ಹಿಡಿದುಕೊಂಡೇ ಅವಳತ್ತ ತಿರುಗಿದಳು. ಎರಡು ವರ್ಷ ಜೊತೆಯಲ್ಲಿ ನೀರು ಹಾಕಿದ್ದಾರೆ, ಎಲೆ ಎಣಿಸಿದ್ದಾರೆ. ಒಂದು ಮಾತು ಹೇಳಿಲ್ಲ ಇವಳು.

“ಎಲ್ಲೆ?” ಹೆರೂರರು ಒಂದು ಹೆಜ್ಜೆ ಮುಂದೆ ಬಂದರು. “ಜೋಯಿಡಾ ಕಡೇನು? ಜಾಗಾ ಹೇಳ್ರಿ, ನಾಳೇನ ಹೋಗೂಣು.”

“ನಮ್ಮ ಅಣ್ಣನ ಮಗಳನ್ನ ಕೊಟ್ಟ ಊರಿನ ಕಡೆ ಐತಿ. ಅಲ್ಲೆ ಬಂಗ್ಲೆ ಇಲ್ಲ, ರೈಲಿಲ್ಲ, ರಸ್ತಾನೂ ಇಲ್ಲ. ಊರಿನ ಹೆಸರು ಹೇಳೂದಿಲ್ರಿ. ಗ್ವಾಡಿ ಮ್ಯಾಲಿನವು ಎಷ್ಟಿದ್ದವು, ಈಗ ಎಷ್ಟು ಅದಾವು, ನಿಮಗ ಗೊತ್ತೈತಿ.”

ಹೆರೂರರ ಬೆಳ್ಳಗಿನ ಗಡ್ಡದ ಮೇಲೆ ಕೆನ್ನೆ ಕೆಂಪಾದದ್ದು ಕಾಣಿಸಿತು. ತಂಡದ ಒಬ್ಬರು ಗಡಿಯಾರ ನೋಡಿಕೊಂಡರು. ದ್ರಾಕ್ಷಾಯಣಿ ಅವಸರವಾಗಿ, “ಕಾಯಿ ಸಿಡಿಯೂದರ ನೋಡ್ರಿ ಸರ್, ಎರಡು ನಿಮಿಷ,” ಎಂದು ಎಲ್ಲರನ್ನೂ ಲ್ಯಾಬಿನೊಳಗೆ ಕರೆದು, ಹಣ್ಣಾದ ಒಂದು ಕಾಯನ್ನು ದಂಟಿನ ಸಮೇತ ಕತ್ತರಿಸಿ ಗಾಜಿನ ತಟ್ಟೆಯಲ್ಲಿಟ್ಟು ಮೇಜಿನ ದೀಪ ಹಚ್ಚಿದಳು. ಕಾಯಿ ಆಗಲೇ ಮೂರು ಹೋಳಾಗಿ ಬಿರಿದು ದೋಣಿಗಳ ಹಾಗೆ ತೆರೆದಿತ್ತು, ಒಳಗೆ ಸಾಸಿವೆಯಂಥ ಬೀಜಗಳು ಸಾಲಾಗಿ ಕೂತಿದ್ದವು. ಅಂಚುಗಳು ಒಣಗಿ ಒಳಕ್ಕೆ ಒತ್ತಿದರೆ ಸಿಡಿಯಬೇಕು. ಎಲ್ಲರೂ ನೋಡಿದರು. ಒಂದು ನಿಮಿಷವಾಯಿತು, ಮೂರಾಯಿತು. ಫ್ಯಾನಿನ ಸದ್ದು. ಯಾರದೋ ಬೂಟು ನೆಲಕ್ಕೆ ಉಜ್ಜಿತು. ಸಿಡಿ, ಸಿಡಿ ಎಂದು ಅವಳು ಹಲ್ಲು ಕಚ್ಚಿ ಬೇಡುತ್ತಿದ್ದಳು, ಕೈ ಸೆರಗಿನೊಳಗೆ ಹೋಗಿ ಇಷ್ಟಲಿಂಗವನ್ನು ಹಿಡಿದದ್ದು ಅವಳಿಗೇ ತಿಳಿಯಲಿಲ್ಲ. ಐದು ನಿಮಿಷಕ್ಕೆ ಅಂದಾನೆಪ್ಪನವರು, “ಭೌತಶಾಸ್ತ್ರದವರು ಕಾಯಾಕತ್ತಾರ್ರಿ ಸರ್,” ಎಂದರು. ಹೆರೂರರು ಹೊರಡುವ ಮುಂಚೆ ಡಬ್ಬಿಯ ಗಿಡವನ್ನು ಮತ್ತೊಮ್ಮೆ ನೋಡಿದರು.

ಅವರ ಹೆಜ್ಜೆಯ ಸದ್ದು ಕಾರಿಡಾರಿನ ತಿರುವು ದಾಟಿರಬೇಕು. ಟಿಕ್ ಎಂದು ಏನೋ ಕಪಾಟಿನ ಗಾಜಿಗೆ ಬಡಿಯಿತು. ಮತ್ತೆ ಟಿಕ್. ಒಂದು ಬೀಜ ಅವಳ ಕೆನ್ನೆಗೆ ತಾಗಿ ಬಿತ್ತು, ಒಂದು ನಾಲ್ಕು ಅಡಿ ದೂರದ ತೊಟ್ಟಿಯಲ್ಲಿ ಸಿಕ್ಕಿತು. ದ್ರಾಕ್ಷಾಯಣಿಗೆ ನಗು ಬಂತು. ತಡೆಯಲಾರದೆ, ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ರುಬಿನಾ ನೆಲದ ಮೇಲೆ ಬೀಜ ಆರಿಸುತ್ತಿದ್ದಳು. “ಹನ್ನೊಂದು ಸಿಕ್ಕಾವು. ಇನ್ನ ಇರಬೇಕು, ಕಾಲು ಇಡಬ್ಯಾಡ್ರಿ.”

“ಆ ಜಾಗಾ ನನಗರ ಹೇಳ್ತೀಯೇನು?” ಎಂದಳು ದ್ರಾಕ್ಷಾಯಣಿ, ನಗು ನಿಂತ ಮೇಲೆ.

“ಇಲ್ರಿ.”

ಅದು ಎದೆಗೆ ತಾಗಿತು. ತಾಗಿದ ಜಾಗದಲ್ಲಿ ನೋವಿನ ಜೊತೆಗೆ ಒಂದು ನೆಮ್ಮದಿಯೂ ಇತ್ತು. ತನ್ನ ಕೈಗೆ ಸಿಗದ್ದರಿಂದ ಅದು ಅಲ್ಲಿ ಇನ್ನೂ ಇರುತ್ತದೆ. ಅವಳು ಡ್ರಾಯರಿನಿಂದ ದಂಟು ಸೀಳಲು ಇಟ್ಟ ಬ್ಲೇಡು ತೆಗೆದುಕೊಂಡು ಹೊರಗೆ ಹೋದಳು. ಫ್ಲೆಕ್ಸಿನ ಮೂರನೆಯ ಸಾಲಿನ ಸುತ್ತ, ಹುಡುಗಿಯರಿಗೆ ಹೇಳಿಕೊಡುವ ಹಾಗೆ ಒತ್ತದೆ, ನಿಧಾನ, ಒಂದೇ ಎಳೆತದಲ್ಲಿ ನಾಲ್ಕು ಕಡೆ ಕೊಯ್ದಳು. ತನ್ನ ಹೆಸರು, ಹೆರೂರರ ಹೆಸರು, ಚಳಿ ದೇಶದ ಹೂವಿನ ಫೋಟೋ, ಎಲ್ಲ ಒಂದು ಪಟ್ಟಿಯಾಗಿ ಕೈಗೆ ಬಂತು. ಅಷ್ಟಗಲ ಖಾಲಿಯಲ್ಲಿ ಕಾಲೇಜಿನ ಗೋಡೆಯ ಹಳೆಯ ಸುಣ್ಣ ಕಂಡಿತು. ಅದರ ಮೇಲೆ ಅವಳು ಸ್ಕೆಚ್ ಪೆನ್ನಿನಿಂದ ಬರೆದಳು: ‘ವಯೋಲಾ. ಜಾತಿ ಯಾವುದೆಂದು ಇನ್ನೂ ಗೊತ್ತಿಲ್ಲ. ಕಂಡವರು, ಬೆಳೆಸಿದವರು:’ ಇಲ್ಲಿ ನಿಲ್ಲಿಸಿ ಒಳಗೆ ಬಂದು ಕೇಳಿದಳು. “ಗ್ವಾಡಿ ಮ್ಯಾಲೆ ಹೆಸರು ಬರೀಲೇನ್ರಿ? ಬ್ಯಾಡ ಅಂದ್ರ ಬರಿಯೂದಿಲ್ಲ.” ರುಬಿನಾ ಬೀಜಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎದ್ದಳು. ಬಹುವಚನವನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ. “ಅಪ್ಪನ ಹೆಸರೂ ಹಾಕ್ರಿ. ರುಬಿನಾ ಇಮಾಮಸಾಬ ಸಿದ್ದಿ. ಬರೀ ರುಬಿನಾ ಅಂದ್ರ ಕಸಾ ಹೊಡ್ಯಾಕೆ ಬಂದಾಕಿ ಅಂತಾರ.”

ಸಂಜೆ ಅಂದಾನೆಪ್ಪನವರು ಗೋಡೆ ನೋಡಿ ಬಂದು ಮೇಜಿಗೆ ಕೈ ಕುಟ್ಟಿದರು. ಕಾಲೇಜಿನ ಆಸ್ತಿ ಎಂದರು, ಮಾನ ಎಂದರು, ಹೆರೂರ ಸರ್ ಊಟವನ್ನೂ ಮಾಡದೆ ಹೋದರು ಎಂದರು. “ನೀವು ಅತಿಥಿ ಇದ್ದೀರಿ, ಅತಿಥಿ ಹಂಗ ಇರಬೇಕಿತ್ತು. ನಾಳಿಂದ ಬರೂದು ಬ್ಯಾಡ.”

“ನಾಳೆ ಎಂಟೂವರಿಗೆ ಎರಡನೇ ವರ್ಷದ ಪ್ರಾಕ್ಟಿಕಲ್ ಐತ್ರಿ,” ಎಂದಳು ದ್ರಾಕ್ಷಾಯಣಿ.

“ಐತೆಲ್ಲ, ನಿಮಗ ಇಲ್ಲ.”

“ಬರಿವಣಿಗ್ಯಾಗ ಕೊಡ್ರಿ ಸರ್. ಯಾಕ ಬ್ಯಾಡ ಅನ್ನೂದನ್ನೂ ಬರೀರಿ. ಗಿಡದ ಹೆಸರು ಸುಳ್ಳು ಐತಿ ಅಂದಿದ್ದಕ್ಕ ಅಂತ ಬರೀರಿ. ಅಲ್ಲೀತನಾ ಬರ್ತೇನಿ.” ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಹೇಳದೆ ಅವಳು ಕುರ್ಚಿ ಎಳೆದುಕೊಂಡು ಕೂತದ್ದು ಆಗಲೇ. ಅವರು ಕೊಡಲಿಲ್ಲ. ಕೊಡುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಕೂತಿದ್ದು ಎದ್ದು ಬಂದಳು. ಮನೆಯಲ್ಲಿ ಗಂಡ ಎಲ್ಲ ಕೇಳಿ, “ಚಟ್ನಿದೂ ಹೇಳಿದಿ?” ಎಂದ. ಹೇಳಿದೆ ಎಂದಳು. “ಮತ್ತ ಏನ್ ಉಳೀತು!” ಎಂದು ತಟ್ಟೆಯಲ್ಲೇ ಕೈ ತೊಳೆದ.

ಮರುದಿನ ಎಂಟೂ ಕಾಲಿಗೆ ಹೋದಾಗ ಹನ್ನೆರಡು ಹುಡುಗಿಯರು ಲ್ಯಾಬಿನ ಹೊರಗೆ ನಿಂತಿದ್ದರು. ಬಾಗಿಲಿಗೆ ಬೀಗ. ಫ್ಲೆಕ್ಸು ಕಿತ್ತು ಹೋಗಿತ್ತು, ಗೋಡೆಯ ಬರಹದ ಮೇಲೆ ಅವಸರದಲ್ಲಿ ಒಂದು ಕೈ ಸುಣ್ಣ ಬಳಿದಿದ್ದರು. ಸುಣ್ಣ ಹಸಿಯಾಗಿದ್ದರಿಂದ ಅಕ್ಷರಗಳು ಅದರೊಳಗಿಂದ ನೀಲಿಯಾಗಿ ಕಾಣುತ್ತಲೇ ಇದ್ದವು. ವೇಳಾಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ. ಹುಡುಗಿಯರು ಗುಸುಗುಸು ನಿಲ್ಲಿಸಿ ದಾರಿ ಬಿಟ್ಟರು. ಪ್ಯೂನು ದೂರದಿಂದಲೇ, “ತಗೀಬ್ಯಾಡ ಅಂದಾರ್ರಿ,” ಎಂದು ಕೂಗಿ ಮೂಲೆ ತಿರುಗಿದ. ಅವಳು ಕಾರಿಡಾರಿನ ನೆಲದ ಮೇಲೆಯೇ ಚೀಲ ಇಟ್ಟು, “ಕೂಡ್ರಿ, ಇಲ್ಲೇ ಶುರು ಮಾಡೂಣು,” ಎಂದಳು. ಹುಡುಗಿಯರು ಕೂತರು.

ಆಗ ರುಬಿನಾ ಬಂದಳು. ಸೊಂಟದಿಂದ ಕೀಲಿಗೊಂಚಲು ಬಿಡಿಸಿ, ಯಾರನ್ನೂ ನೋಡದೆ, ಬೀಗಕ್ಕೆ ಕೀಲಿ ತಿರುಗಿಸಿದಳು.

“ಬ್ಯಾಡ್ರಿ,” ದ್ರಾಕ್ಷಾಯಣಿ ಎದ್ದು ನಿಂತಳು. “ನಿಮಗ ತ್ರಾಸ ಆಗ್ತೈತಿ. ನನ್ನ ಸಲುವಾಗಿ ನೀವು ಯಾಕ—”

“ನಿಮ್ಮ ಸಲುವಾಗಿ ಯಾರು ತಗಿಯಾಕತ್ತಾರ್ರಿ?” ರುಬಿನಾ ಬಾಗಿಲನ್ನು ಎರಡೂ ಕೈಯಿಂದ ದೂಡಿದಳು. “ಇಪ್ಪತ್ತೆಂಟು ಅದಾವು ಒಳಗ. ಎಂಟೂವರಿಗೆ ನೀರು ಹಾಕೂದು. ನಾ ಬಂದೇನಿ.”

ಅವಳು ಒಳಗೆ ಹೋಗಿ ಕಿಟಕಿ ತೆರೆದಳು. ದ್ರಾಕ್ಷಾಯಣಿ ಒಂದು ಗಳಿಗೆ ಹೊಸ್ತಿಲಲ್ಲಿ ನಿಂತಳು, ಆಮೇಲೆ ಹುಡುಗಿಯರ ಕಡೆ ತಿರುಗಿ, “ಏಳ್ರಿ, ಒಳಗ ನಡೀರಿ,” ಎಂದಳು, ಆಚೆಯ ಕಟ್ಟಡದವರೆಗೂ ಕೇಳುವ ಹಾಗೆ.